ಆಯುಷ್ಮಾನ್ ಬೋರ್ಡಿನಲ್ಲಿ ವಿಭಾಗದ ಹೆಸರೂ ಇರಲಿ

ಮಾನ್ಯರೇ,

ನಮ್ಮ ಮಾವನವರಿಗೆ ಹರ್ನಿಯಾ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇಲ್ಲ ಅಂತ ರೆಫರಲ್ ಪತ್ರ ಕೊಟ್ಟರು. ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಬೋರ್ಡು ನೋಡಿ ಪೇಟೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದೆವು. ‘ಇಲ್ಲಿ ಕಾರ್ಡು ಹಾರ್ಟಿಗೆ ಮಾತ್ರ. ಹರ್ನಿಯಾಗೆ ದುಡ್ಡು ಕಟ್ಟಬೇಕು’ ಅಂದರು. ಆಸ್ಪತ್ರೆ ಯಾವ ವಿಭಾಗಕ್ಕೆ ನೋಂದಣಿ ಆಗಿದೆಯೋ ಅದಕ್ಕಷ್ಟೇ ಯೋಜನೆಯಂತೆ. ಸರಿ, ಅದನ್ನು ಬೋರ್ಡಿನಲ್ಲೇ ಬರೆಯಬಹುದಲ್ವಾ? ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ದೊಡ್ಡ ವಿಷಯವೇ. ಆದರೆ ಅದನ್ನು ಕೊಡುವ ಆಸ್ಪತ್ರೆ ಹುಡುಕುವುದರಲ್ಲೇ ನನ್ನ ಹೂವಿನ ವ್ಯಾಪಾರ ಹಾಳಾಯಿತು. ಹೂವು ನಾಳೆಗೆ ಉಳಿಯುತ್ತದೆಯೇ? ರೆಫರಲ್ ಕೊಡುವಾಗಲೇ ಯಾವ ಕಾಯಿಲೆಗೆ ಎಲ್ಲಿ ಕಾರ್ಡು ನಡೆಯುತ್ತದೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ರೋಗಿಗಳಿಗೆ ನೆರವಾಗುವ ‘ಆರೋಗ್ಯ ಮಿತ್ರ’ ಸಿಬ್ಬಂದಿ ಬರೆದುಕೊಡಲಿ.

– ಹೂವಿನ ವ್ಯಾಪಾರಿ, ತುಮಕೂರು ಜಿಲ್ಲೆ