ಆ ಮೂರು ತಪ್ಪು ಬೋರ್ಡ್ ನನ್ನವೇ

ಮಾನ್ಯರೇ,

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ ಇದೆ. ಬೇಸಿಗೆ ರಜೆ ಬಂದರೆ ನಗರದ ಮೈದಾನಗಳಲ್ಲಿ ಡೈನೋಸಾರ್ ಎಕ್ಸಿಬಿಷನ್ ಹಾಕುತ್ತಾರಲ್ಲ, ಅಂಥದ್ದೊಂದಕ್ಕೆ ಈ ಸಲ ಹನ್ನೆರಡು ಬೋರ್ಡ್ ಮಾಡಿಕೊಟ್ಟೆ. ಅದರಲ್ಲಿ ಮೂರು ಸುಳ್ಳು. ಅದನ್ನು ಒಪ್ಪಿಕೊಳ್ಳೋಕೆ ಈ ಪತ್ರ.

ತಪ್ಪು ಹಿಡಿದವಳು ಏಳನೇ ಕ್ಲಾಸಿನ ಮಗಳು. ಸನ್‌ಬೋರ್ಡ್ ಮೇಲೆ ಅಂಟಿಸಿದ ವಿನೈಲ್ ಶೀಟಿನ ಗುಳ್ಳೆ ತೆಗೆಯುತ್ತಾ ಕೂತಿದ್ದೆ. ಚಿತ್ರದ ಪ್ರಾಣಿಗೆ ಮೈತುಂಬ ಕೂದಲು, ಪುಟ್ಟ ಕಿವಿ, ಬಾಗಿದ ದಂತ. ಕೆಳಗೆ ಅರ್ಧ ಅಡಿ ಅಕ್ಷರದಲ್ಲಿ 'ಕೂದಲಿನ ಡೈನೋಸಾರ್'. "ಅಪ್ಪಾ, ಇದು ಮ್ಯಾಮತ್. ಆನೆ ಜಾತಿ" ಅಂದಳು. ಆರ್ಡರ್ ಕೊಟ್ಟವರಿಗೆ ಫೋನ್ ಮಾಡಿದೆ. "ಅದನ್ನೆಲ್ಲ ಯಾರ್ ಓದ್ತಾರೆ ಸಾರ್? ಡೈನೋಸಾರ್ ಅಂದ್ರೇನೇ ಟಿಕೆಟ್ ಹೋಗೋದು" ಅಂದರು. ಅಡ್ವಾನ್ಸ್ ಬೇರೆ ತಗೊಂಡಾಗಿತ್ತು. ಸುಮ್ನೆ ಪ್ಯಾಕ್ ಮಾಡಿ ಕಳಿಸಿದೆ.

ಆಮೇಲೆ ಮಗಳ ಜೊತೆ ಕೂತು ಓದಿದೆ. ಡೈನೋಸಾರ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷವಾಯಿತು (ಅವುಗಳ ವಂಶದ ಹಕ್ಕಿಗಳ ಮಾತು ಬೇರೆ). ಕೊನೆಯ ಮ್ಯಾಮತ್‌ಗಳು ರಷ್ಯಾದ ರ‍್ಯಾಂಗೆಲ್ ದ್ವೀಪದಲ್ಲಿ ಸುಮಾರು 4,000 ವರ್ಷದ ಹಿಂದಿನವರೆಗೂ ಇದ್ದವು. ಆ ಹೊತ್ತಿಗೆ ಗೀಜಾದ ಪಿರಮಿಡ್ಡೇ ಕಟ್ಟಿ ಮುಗಿದಿತ್ತು! ಎರಡನೇ ತಪ್ಪು ಬೋರ್ಡಿನ, ಬೆನ್ನ ಮೇಲೆ ಹಾಯಿ ಇರೋ ಡೈಮೆಟ್ರೋಡಾನ್ ಕಥೆ ಉಲ್ಟಾ. ಮೊದಲ ಡೈನೋಸಾರ್ ಬರೋದಕ್ಕೆ ಸುಮಾರು 4 ಕೋಟಿ ವರ್ಷ ಮುಂಚೆಯೇ ಅದು ಹೋಗಿಬಿಟ್ಟಿತ್ತು. ನೋಡೋಕೆ ಓತಿಕ್ಯಾತನ ಹಾಗಿದ್ದರೂ ನೆಂಟಸ್ತನದಲ್ಲಿ ನಮಗೇ ಹತ್ತಿರವಂತೆ. ಮೂರನೇ ಬೋರ್ಡಿನ ಹಾರುವ ಟೆರೋಸಾರ್ ಡೈನೋಸಾರ್ ಕಾಲದ್ದೇ, ಆದರೆ ಬರೀ ದಾಯಾದಿ.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಹನ್ನೆರಡರಲ್ಲಿ ನಮ್ಮ ದೇಶದ ಪ್ರಾಣಿ ಒಂದೂ ಇರಲಿಲ್ಲ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ಶಿವಥೀರಿಯಂ ಜಿರಾಫೆಯ ನೆಂಟ, ಆದರೆ ಕತ್ತು ಗಿಡ್ಡ, ಕೊಂಬು ಅಗಲ. ಫಾಲ್ಕನರ್ ಮತ್ತು ಕಾಟ್ಲಿ ಎಂಬ ಇಬ್ಬರು ಬ್ರಿಟಿಷರು 1836ರಲ್ಲಿ ಅದಕ್ಕೆ ಶಿವನ ಹೆಸರಿಟ್ಟರು. ಅವರೇ ಹೆಸರಿಟ್ಟ ಇನ್ನೊಂದು, ಆನೆಯ ನೆಂಟ ಸ್ಟೆಗೊಡಾನ್ ಗಣೇಶ. ಹತ್ತಡಿ ಉದ್ದದ ಎರಡು ದಂತ ಎಷ್ಟು ಒತ್ತೊತ್ತಾಗಿತ್ತೆಂದರೆ ನಡುವೆ ಸೊಂಡಿಲು ಇಳಿಬಿಡೋಕೆ ಜಾಗವೇ ಇರಲಿಲ್ಲವಂತೆ, ಪಕ್ಕಕ್ಕೆ ಹಾಕಿಕೊಂಡು ಓಡಾಡಿರಬೇಕು. ಬೀದಿಗೊಂದು ಗಣಪತಿ ಪೆಂಡಾಲ್ ಹಾಕೋ ಊರಲ್ಲಿ ಈ ಗಣೇಶನ ಪರಿಚಯ ಎಷ್ಟು ಜನಕ್ಕಿದೆ? ಇನ್ನು ವಾಸುಕಿ. ಗುಜರಾತಿನ ಕಛ್‌ನ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಲ್ಲಿ ಸಿಕ್ಕ 27 ಬೆನ್ನುಮೂಳೆ ನೋಡಿ, 2024ರಲ್ಲಿ ಹೆಸರಿಟ್ಟ ಹಾವು. ಉದ್ದ 11ರಿಂದ 15 ಮೀಟರ್ ಅಂತ ಅಂದಾಜು. ಹೆಚ್ಚುಕಮ್ಮಿ ನಮ್ಮ ಬಿಎಂಟಿಸಿ ಬಸ್ಸಿನಷ್ಟು.

ಬೆಂಗಳೂರಿನ ಬಂಡೆಯಲ್ಲಿ ಇಂಥ ಮೂಳೆ ಸಿಗಲ್ಲ, ನಿಜ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಆಗ ಪ್ರಾಣಿಗಳೇ ಹುಟ್ಟಿರಲಿಲ್ಲ. ಆದರೆ ಗೊಂಬೆ ನಿಲ್ಲಿಸೋಕೆ ಮೂಳೆ ಬೇಕಿಲ್ಲ ಅಲ್ವಾ? ಹಿಮಾಚಲದ ಸಾಕೇತಿ ಪಾರ್ಕಿನಲ್ಲಿ 1970ರ ದಶಕದಲ್ಲೇ ಶಿವಾಲಿಕ್ ಪ್ರಾಣಿಗಳನ್ನು ಫೈಬರ್‌ಗ್ಲಾಸಿನಲ್ಲಿ ಅಷ್ಟೇ ದೊಡ್ಡದಾಗಿ ಮಾಡಿ ನಿಲ್ಲಿಸಿದ್ದಾರೆ. ನಮ್ಮ ಪಾರ್ಕುಗಳಲ್ಲೂ ಸಿಮೆಂಟ್ ಡೈನೋಸಾರ್ ಪಕ್ಕ ಒಂದು ಶಿವಥೀರಿಯಂ ನಿಲ್ಲಲಿ. ಬೋರ್ಡ್ ನಾನು ಪುಕ್ಕಟೆ ಮಾಡಿಕೊಡುತ್ತೇನೆ. ಪ್ರೂಫ್ ನೋಡೋಕೆ ಮನೆಯಲ್ಲೇ ಒಬ್ಬಳಿದ್ದಾಳೆ.

– ಒಬ್ಬ ಬೋರ್ಡ್ ಪ್ರಿಂಟರ್, ಚಾಮರಾಜಪೇಟೆ, ಬೆಂಗಳೂರು