ಚೌಕದ ನಡುವೆ ಇಲ್ಲದ ನ್ಯಾಯಾಲಯ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ, ಅಮೆರಿಕದ ಅಯೋವಾ ರಾಜ್ಯದಲ್ಲಿರುವ ನಮ್ಮೂರು ಫೇರ್‌ಫೀಲ್ಡ್ ಕುರಿತ ವರದಿಯ ಫಲವನ್ನು ನಿನ್ನೆ ನಾವು ಮನೆಮಂದಿಯೆಲ್ಲ ಉಂಡೆವು. ತೀರ್ಥಹಳ್ಳಿಯಿಂದ ಬಂದಿರುವ ನಮ್ಮ ಮಾವನವರು ಪತ್ರಿಕೆಯಲ್ಲಿ ಅಚ್ಚಾದದ್ದೆಲ್ಲ ನಿಜವೆಂದು ನಂಬುವ ಕಾಲದವರು. 'ಚೌಕದ ನಡುವಿನ ಕೌಂಟಿ ನ್ಯಾಯಾಲಯ' (ಕೌಂಟಿ ಎಂದರೆ ಇಲ್ಲಿನ ಜಿಲ್ಲೆ) ಎಂಬ ಚಿತ್ರದ ಅಡಿಬರಹ ಓದಿ, ನೋಡಲೇಬೇಕೆಂದು ಹಟ ಹಿಡಿದು ಹೊರಟರು. ಚೌಕದ ನಡುವೆ ಇರುವುದು ಉದ್ಯಾನ ಮತ್ತು ಮಂಟಪ. ನ್ಯಾಯಾಲಯ ಇರುವುದು ಅಲ್ಲಿಂದ ಉತ್ತರಕ್ಕೆ, ಬೇರೆ ಬೀದಿಯಲ್ಲಿ. 1890ರ ದಶಕದಲ್ಲಿ ಕಟ್ಟಿದ ಆ ಕಟ್ಟಡ ನಿಮ್ಮ ಪುರವಣಿಗಾಗಿ ಜಾಗ ಬದಲಿಸಿಲ್ಲ. ಅಯೋವಾದ ಎಷ್ಟೋ ಕೌಂಟಿಗಳಲ್ಲಿ ನ್ಯಾಯಾಲಯ ಚೌಕದ ಮಧ್ಯದಲ್ಲೇ ಇರುತ್ತದೆ, ನಿಜ. ಹಾಗಿದ್ದರೆ ಆ ಊರುಗಳ ಬಗ್ಗೆಯೇ ಬರೆಯಬಹುದಿತ್ತಲ್ಲ?

ಹುಡುಕುತ್ತಾ ಹೊರಟರೆ ಪಾದಚಾರಿ ಮಾರ್ಗ ಅಗೆದು ಬಿಟ್ಟಿದ್ದಾರೆ. ಮಂಡಿನೋವಿನ ಅತ್ತೆಯವರನ್ನು ಬಿಸಿಲಿನಲ್ಲಿ ಬಳಸು ದಾರಿಯಲ್ಲಿ ನಡೆಸಿಕೊಂಡು ಹೋಗಿ ಮರಳುವಷ್ಟರಲ್ಲಿ ಕಾರಿನ ಗಾಜಿಗೆ ದಂಡದ ಚೀಟಿ. ಅಗೆದವರು ಯಾರೆಂದು ಕೇಳಿದರೆ ಒಂದು ಕಚೇರಿ ಇನ್ನೊಂದನ್ನು ತೋರಿಸುತ್ತದೆ, ಆ ಇನ್ನೊಂದು ಗುತ್ತಿಗೆದಾರನನ್ನು. ದಂಡ ಕಟ್ಟುವ ಕಿಟಕಿ ಯಾವುದೆಂಬ ವಿಷಯದಲ್ಲಿ ಮಾತ್ರ ಯಾರಿಗೂ ಗೊಂದಲವಿಲ್ಲ. "ಇದು ನಮ್ಮ ತಾಲ್ಲೂಕು ಕಚೇರಿಯೇ ಅಲ್ಲವೇನಮ್ಮಾ" ಎಂದರು ಮಾವನವರು.

ಅಡಿಬರಹವನ್ನಾದರೂ ಕ್ಷಮಿಸಬಹುದು. ನಿಮ್ಮ ವರದಿಗಾರರ ಪ್ರಕಾರ ನಮ್ಮೂರಿರುವ ಜೆಫರ್ಸನ್ ಕೌಂಟಿಯ ಚರಿತ್ರೆ ಶುರುವಾಗುವುದೇ 1974ರಲ್ಲಿ, ಮಹರ್ಷಿ ಮಹೇಶ ಯೋಗಿಯವರ ವಿಶ್ವವಿದ್ಯಾಲಯ ಕ್ಯಾಲಿಫೋರ್ನಿಯಾದಿಂದ ಇಲ್ಲಿಗೆ ಬಂದಾಗ. ಅದು ಬಂದು ಕುಳಿತ ಆವರಣ 1875ರಲ್ಲಿ ಸ್ಥಾಪನೆಯಾಗಿ 1973ರಲ್ಲಿ ದಿವಾಳಿಯೆದ್ದ ಪಾರ್ಸನ್ಸ್ ಕಾಲೇಜಿನದು ಎಂಬ ಒಂದು ಸಾಲಿಗೂ ಜಾಗವಿರಲಿಲ್ಲವೇ? ಕೌಂಟಿಯೂ ಊರೂ 1839ರವು. ಅದಕ್ಕೂ ಮೊದಲು ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಸಾಕ್ ಮತ್ತು ಮೆಸ್ಕ್ವಾಕಿ ಜನರದ್ದು. 1832ರಲ್ಲಿ ಅಮೆರಿಕ ಸರ್ಕಾರದೊಡನೆ ನಡೆದ ಬ್ಲ್ಯಾಕ್ ಹಾಕ್ ಯುದ್ಧದ ನಂತರ ಒಪ್ಪಂದದ ಮೇಲೆ ಒಪ್ಪಂದ ಬರೆಸಿಕೊಂಡು ಅವರನ್ನು ಪಶ್ಚಿಮಕ್ಕೆ ತಳ್ಳಿದರು. ಮೆಸ್ಕ್ವಾಕಿಗಳು 1857ರಲ್ಲಿ ಟಾಮಾ ಕೌಂಟಿಯಲ್ಲಿ ತಮ್ಮ ನೆಲವನ್ನು ತಾವೇ ದುಡ್ಡು ಕೊಟ್ಟು ಕೊಳ್ಳಬೇಕಾಯಿತು! ಇದು ಸುದ್ದಿಯಲ್ಲ, ಆ ವಿಶ್ವವಿದ್ಯಾಲಯದ ಧ್ಯಾನಮಂದಿರದ ಚಿನ್ನದ ಬಣ್ಣದ ಗುಮ್ಮಟ ಸುದ್ದಿ.

ಅಯೋವಾ ರಾಜ್ಯದ ಮೊದಲ ಕೃಷಿ ಮೇಳ ನಡೆದದ್ದು ಇದೇ ಊರಿನಲ್ಲಿ, 1854ರಲ್ಲಿ. ಒಣಹುಲ್ಲನ್ನು ಕೊಟ್ಟಿಗೆಯ ಅಟ್ಟಕ್ಕೆ ಸಾಗಿಸುವ ಸಾಧನಕ್ಕೆ 1867ರಲ್ಲಿ ಪೇಟೆಂಟ್ ಪಡೆದ ವಿಲಿಯಂ ಲೌಡೆನ್ ಇಲ್ಲಿಯವನು. ಇದನ್ನು ಕೇಳಿದ ಮೇಲೆ ಮಾವನವರು ನ್ಯಾಯಾಲಯವನ್ನು ಮರೆತು ಆ ಸಾಧನದ ಬಗ್ಗೆಯೇ ಊಟದವರೆಗೂ ವಿಚಾರಿಸಿದರು. ಸೆನೆಟರ್ ಜೇಮ್ಸ್ ವಿಲ್ಸನ್ ಬೆನ್ನು ಹತ್ತಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯಿಂದ ಹಣ ತಂದು ಕಟ್ಟಿಸಿದ ಗ್ರಂಥಾಲಯದ ಕಟ್ಟಡವೂ ಇದೆ. ಇಲ್ಲಿ ಕಂಪ್ಯೂಟರ್ ಓದಲು ಬರುವ ನಮ್ಮ ಹುಡುಗರಿಗಾದರೂ ಇದು ತಿಳಿಯಬೇಡವೇ?

ಇನ್ನು 'ರೈಲಿನಲ್ಲಿ ಸುಲಭವಾಗಿ ತಲುಪಬಹುದು' ಎಂದು ಬರೆದ ಮಹಾಶಯರು ಯಾವ ರೈಲಿನಲ್ಲಿ ಬಂದಿಳಿದರೋ ತಿಳಿಯದು. ಷಿಕಾಗೋದಿಂದ ಬರುವ ಪ್ರಯಾಣಿಕರ ರೈಲು ಈ ಊರನ್ನು ಸೀಳಿಕೊಂಡು ಹೋಗುತ್ತದೆ, ನಿಲ್ಲುವುದಿಲ್ಲ. ಇಳಿಯಬೇಕಾದದ್ದು ಆಚೀಚೆಯ ಊರುಗಳಾದ ಮೌಂಟ್ ಪ್ಲೆಸೆಂಟ್‌ನಲ್ಲಿ ಅಥವಾ ಅಟಮ್ವಾದಲ್ಲಿ. ಮಾವನವರನ್ನು ಕರೆತರಲು ನಾವು ಹೋದದ್ದೂ ಅಂಥ ಪರ ಊರಿಗೇ, ಆ ದಿನ ರೈಲು ತಡ ಬೇರೆ. ಬೆಂಗಳೂರಿನಲ್ಲಿ ಕುಳಿತವರಿಗೆ ಎಲ್ಲವೂ ಸುಲಭ. ರೈಲಿನ ಅಧಿಕಾರಿಗಳಿಗಂತೂ ನಾವು ಕಿಟಕಿಯಾಚೆಯ ಜೋಳದ ಹೊಲದ ಭಾಗ!

ಆದ್ದರಿಂದ ಕೂಡಲೇ ತಿದ್ದುಪಡಿ ಪ್ರಕಟಿಸಿ. ಅಥವಾ ಇಡೀ ಲೇಖನವನ್ನೇ ಹಿಂತೆಗೆದುಕೊಳ್ಳಿ. ಪಾದಚಾರಿ ಮಾರ್ಗದ ವಿಷಯದಲ್ಲೂ ಸಂಬಂಧಪಟ್ಟವರು ಏನಾದರೂ ಮಾಡಲಿ, ಅವರು ಕನ್ನಡ ಪತ್ರಿಕೆ ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿಮ್ಮ ವರದಿಗಾರರು ಓದುತ್ತಾರೆಂಬ ಭರವಸೆಯೂ ಈಗ ಉಳಿದಿಲ್ಲ.

– ನೊಂದ ಓದುಗಳು, ಫೇರ್‌ಫೀಲ್ಡ್, ಅಯೋವಾ