ಎರಡು ಸಲ ಲೈಟ್

ಈ ಸಲ ರಜೆಗೆ ಊರಿಗೆ ಹೋದವನು ಮೊದಲು ಮಾಡಿದ ಕೆಲಸ, ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿದ್ದ ಫಿಯೆಟ್‌ನ ಟಾರ್ಪಾಲು ತೆಗೆದದ್ದು. ಅಪ್ಪನ ಗಾಡಿ. 1992ರ ಪ್ರೀಮಿಯರ್ ಪದ್ಮಿನಿ, ಕೆಎಲ್ 14, ನಮ್ಮ ಕಾಸರಗೋಡಿನ ನಂಬರು. ಪದ್ಮಿನಿ ಅಂತ ಕಂಪನಿಯವರು ಹೆಸರಿಟ್ಟು ಎಷ್ಟೋ ಕಾಲವಾಯಿತು. ಬದಿಯಡ್ಕದ ಕಡೆ ಅದನ್ನು ಯಾರೂ ಒಪ್ಪಿಲ್ಲ. ಅದು ಫಿಯೆಟ್, ಅಷ್ಟೇ.

ಬ್ಯಾಟರಿ ಸತ್ತಿತ್ತು. ಆಟಿ ತಿಂಗಳ ಮಳೆಗೆ ಹಿಂದಿನ ಸೀಟಿಗೆಲ್ಲ ಬೂಷ್ಟು ಹಿಡಿದಿತ್ತು. ಹೊಸ ಬ್ಯಾಟರಿ ಹಾಕಿ, ಚೋಕ್ ಎಳೆದು ಒದ್ದಾಡಿದ ಮೇಲೆ ಸ್ಟಾರ್ಟ್ ಆಯಿತು. ದುಬೈಯಲ್ಲಿ ಆಟೋಮ್ಯಾಟಿಕ್ ಓಡಿಸಿ ಅಭ್ಯಾಸವಾದ ಕೈಗೆ ಸ್ಟೇರಿಂಗ್ ಪಕ್ಕದ ಗೇರು ಮರೆತೇಹೋಗಿತ್ತು. ಅಂಗಳ ದಾಟುವಷ್ಟರಲ್ಲಿ ಎರಡು ಸಲ ಆಫ್. ಅಮ್ಮ ಜಗಲಿಯಲ್ಲಿ ನಿಂತು ನಗುತ್ತಿದ್ದರು.

ಹೈವೇಯಲ್ಲಿ ಇಂಥ ಗಾಡಿ ಓಡಿಸುವ ಖುಷಿ ಈಗ ಇಲ್ಲ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥ. ರಸ್ತೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಡುವೆ ಡಿವೈಡರ್. ಇದಿರಿನಿಂದ ಬಂದದ್ದು ಯಾರ ಗಾಡಿ ಅಂತ ಹೊಳೆಯುವ ಮೊದಲೇ ಅದು ಹೋಗಿಯಾಗಿರುತ್ತದೆ. ಹಳೆ ಗಾಡಿಯವರು ಒಬ್ಬರನ್ನೊಬ್ಬರು ನೋಡಬೇಕಾದರೆ ಕುಂಬಳೆ–ಬದಿಯಡ್ಕ–ಮುಳ್ಳೇರಿಯ ರಸ್ತೆ ಬೇಕು. ಇಲ್ಲವೇ ಪೆರ್ಲದ ಮೇಲಿಂದ ಅಡ್ಕಸ್ಥಳ ದಾಟಿ ವಿಟ್ಲಕ್ಕೆ ಹೋಗುವ ದಾರಿ. ತಿರುವಿನಲ್ಲಿ ಇಬ್ಬರೂ ನಿಧಾನ ಮಾಡಲೇಬೇಕು. ಆಗ ಮುಖ ಕಾಣುತ್ತದೆ, ಗಾಡಿಯದ್ದೂ ಓಡಿಸುವವರದ್ದೂ.

ಹತ್ತು ದಿನದಲ್ಲಿ ನಾನು ಲೆಕ್ಕ ಹಾಕಿದ್ದು: ಫಿಯೆಟ್ ಮೂರು, ಅಂಬಾಸಡರ್ ಒಂದು, ನಾಲ್ಕೋ ಐದೋ ಮಾರುತಿ 800. ಓಮ್ನಿಯನ್ನು ಎಣಿಸಲಿಲ್ಲ, ಅದು ನಮ್ಮೂರಲ್ಲಿ ಕಾಗೆ ಇದ್ದ ಹಾಗೆ. ಇವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ‘ಕ್ಯಾರಿಯರ್ ಫಿಯೆಟ್’, ‘ನೀರ್ಚಾಲಿನ ಹಸಿರು’, ಹೀಗೆ ನಾನೇ ಇಟ್ಟುಕೊಂಡ ಹೆಸರುಗಳು. ಕಾಸರಗೋಡನ್ನು ಸಪ್ತಭಾಷೆಯ ಊರು ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಎಂಟನೆಯದ್ದು ಹೆಡ್‌ಲೈಟು. ಕನ್ನಡದವನೋ, ತುಳುವೋ, ಮಲಯಾಳವೋ ಅಂತ ಯೋಚಿಸಬೇಕಾಗಿಲ್ಲ. ಸುಮ್ನೆ ಒಂದು ಸಲ ಲೈಟ್ ಹೊಡೆದರೆ ಸಾಕು.

ಒಂದು ಬೆಳಿಗ್ಗೆ ಸೀತಾಂಗೋಳಿಯ ಹತ್ತಿರ ಬಿಳಿ ಫಿಯೆಟ್ ಒಂದು ಇದಿರಾಯಿತು. ಕೆಎ 21, ಪುತ್ತೂರಿನ ನಂಬರು. ಲೈಟ್ ಹೊಡೆದೆ. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಆ ಗಾಡಿ ನಿಂತಿದೆ. ನಾನೂ ನಿಲ್ಲಿಸಿದೆ. ಎಪ್ಪತ್ತರ ಆಸುಪಾಸಿನ ಒಬ್ಬರು, ಮುಂಡು ಎತ್ತಿ ಕಟ್ಟಿಕೊಂಡು, ಕೊಡೆ ಹಿಡಿದು ಬಂದರು. ನನ್ನ ಮುಖ ನೋಡುವ ಮೊದಲು ಬಾನೆಟ್ಟಿನ ಮೇಲೆ ಕೈ ಇಟ್ಟರು.

“ಜಾಸ್ತಿ ಬಿಸಿ ಆಗ್ತದಲ್ಲ, ರೇಡಿಯೇಟರ್ ತೊಳೆಸಿ,” ಅಂದರು. ಆಮೇಲೆ, “ಇದು ಮಾಸ್ಟ್ರ ಗಾಡಿ ಅಲ್ವಾ?”

“ಹೌದು. ನಾನು ಮಗ.”

“ಮಾಸ್ಟ್ರು ಎರಡು ಸಲ ಲೈಟ್ ಹಾಕ್ತಿದ್ರು. ನೀವು ಒಂದೇ ಸಲ ಹಾಕಿದ್ರಿ. ಅದಕ್ಕೇ ನಿಲ್ಸಿದೆ.”

ಅಪ್ಪ ಹೋಗಿ ಮೂರು ವರ್ಷ ಆಯಿತು ಅಂತ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಇಬ್ಬರೂ ಒಂದು ದಿನವೂ ಹೆಸರು ಕೇಳಿಕೊಂಡವರಲ್ಲ. ಅಪ್ಪ ಮೇಷ್ಟ್ರು ಅಂತಲೂ ಯಾವುದೋ ಗ್ಯಾರೇಜಿನಲ್ಲಿ ಕಿವಿಗೆ ಬಿದ್ದದ್ದಂತೆ. ಕೊಡೆ ನನ್ನ ಕಡೆಗೇ ವಾಲಿಸಿಕೊಂಡು ನಿಂತಿದ್ದರು, ಅವರ ಬಲಗೈ ಪೂರ್ತಿ ಒದ್ದೆ. ಹೊರಡುವಾಗ ಹೆಸರು ಕೇಳಬೇಕು ಅಂದುಕೊಂಡೆ. ಕೇಳಲಿಲ್ಲ. ಅವರೂ ಕೇಳಲಿಲ್ಲ.

ದುಬೈಗೆ ವಾಪಸಾದ ಮಾರನೇ ದಿನ ಶೇಖ್ ಜಾಯೆದ್ ರಸ್ತೆಯಲ್ಲಿ ಹಿಂದಿನಿಂದ ಒಬ್ಬ ಎರಡು ಸಲ ಲೈಟ್ ಹೊಡೆದ. ಕೈ ಎತ್ತಲು ಹೊರಟವನಿಗೆ ಆಮೇಲೆ ನೆನಪಾಯಿತು, ಇಲ್ಲಿ ಅದಕ್ಕೆ ಅರ್ಥ ಬೇರೆ. ಪಕ್ಕಕ್ಕೆ ಸರಿದೆ.

ಮುಂದಿನ ಸಂಚಿಕೆಗೆ ನಿಮ್ಮ ಮನೆಯ ಹಳೆ ಗಾಡಿಯ ಫೋಟೋ ಕಳಿಸಿ, ಎರಡು ಸಾಲು ಬರೆದು. ನಂಬರ್ ಪ್ಲೇಟ್ ಮುಚ್ಚಿ ಅಂತ ಸಮಿತಿಯವರು ಹೇಳಿದ್ದಾರೆ. ಮುಚ್ಚಿದರೂ ಬದಿಯಡ್ಕದವರು ಅದು ಯಾರದ್ದು ಅಂತ ಹೇಳಿಬಿಡುತ್ತಾರೆ, ಆ ಮಾತು ಬೇರೆ.